ಮೊದಲ ಲೋಟ

ಮಾರ್ಚ್ 4

ಆರೋಗ್ಯ ಶಾಖೆಯ ನೋಟೀಸು ಬೆಳಿಗ್ಗೆ ನಮ್ಮ ಸಾಲಿನ ಎಲ್ಲ ಅಂಗಡಿಗಳ ಬಾಗಿಲಿಗೂ ಅಂಟಿತ್ತು. ಅಂಟಿಸಿದವನು ಸರ್ಕಾರದ ಗೋಂದು ಅಂತ ಧಾರಾಳವಾಗಿ ಸುರಿದು ಹೋಗಿದ್ದಾನೆ. ತಂಗಿ ಬಿಸಿನೀರು ಹಾಕಿ ಉಜ್ಜಿದಳು. ಕಾಗದದ ಜೊತೆಗೆ ಬಾಗಿಲಿನ ಬಣ್ಣವೂ ಕಿತ್ತು ಬಂತು.

ಪರವಾನಗಿ ಶುಲ್ಕ ಮೂರು ಪಟ್ಟು. ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆವೇನೋ. ಇನ್ನು ಮುಂದೆ ಇನ್ಸ್‌ಪೆಕ್ಟರು ಬಾಗಿಲೊಳಗೆ ಕಾಲಿಟ್ಟ ಗಳಿಗೆಯಿಂದ ಮೀಟರು ಓಡುತ್ತದೆ. ಗಂಟೆಗೆ ಇಷ್ಟು. ಅವರಾಗಿ ಬಂದರೂ ಇಷ್ಟು, ನಾವು ಕರೆದರೂ ಇಷ್ಟು, ನೀರು ಪರೀಕ್ಷೆಗೆ ಬೇರೆ. ಇದಕ್ಕೆ ಅವರು ಇಟ್ಟ ಹೆಸರು ವೆಚ್ಚ ವಸೂಲಿ. ನಮ್ಮನ್ನು ನೋಡಲು ಬರುವವರ ಸಂಬಳ, ಅವರ ಗಾಡಿಯ ಪೆಟ್ರೋಲು, ಅವರು ಕೂರುವ ಕುರ್ಚಿಯ ಸವಕಳಿ, ಎಲ್ಲವನ್ನೂ ನಮ್ಮ ಒಲೆಯಿಂದ ಕೆರೆದು ತೆಗೆಯುತ್ತಾರಂತೆ.

ಹೋದ ವರ್ಷ ಇಡೀ ಸಾಲಿಗೆ ನೀರು ಕೊಡುವ ನಮ್ಮ ಟ್ಯಾಂಕಿನಲ್ಲಿ ಇಲಿ ಸತ್ತಾಗ ನಾನು ಫೋನ್ ಮಾಡಿದ್ದೆ. ಥರ್ಮಾಮೀಟರಮ್ಮ ಒಂದೇ ಗಂಟೆಯಲ್ಲಿ ಬಂದಳು. ಸಾಲಿನವರು ಇಟ್ಟ ಹೆಸರು ಅದು. ಯಾವ ಅಂಗಡಿಗೆ ಹೋದರೂ ಮಾತಿಗೆ ಮೊದಲು ಪಾತ್ರೆಯೊಳಗೆ ಥರ್ಮಾಮೀಟರು ಇಳಿಸುವ ಇನ್ಸ್‌ಪೆಕ್ಟರು. ಅವತ್ತು ತಾನೇ ಸೀರೆ ಎತ್ತಿ ಕಟ್ಟಿ ಟ್ಯಾಂಕಿಗೆ ಇಳಿದು ತೊಳೆಸಿದಳು. ಒಂದು ಕಾಸು ಕೇಳಲಿಲ್ಲ.

ಇಷ್ಟೆಲ್ಲ ಗಲಾಟೆಯ ನಡುವೆಯೂ ಮೊದಲ ಲೋಟ ತಪ್ಪಿಸಲಿಲ್ಲ. ಅಮ್ಮ ಕ್ಯಾಂಟೀನು ಶುರು ಮಾಡಿದ ದಿನದಿಂದ ಬಂದ ಪದ್ಧತಿ. ಗಿರಾಕಿಗೆ ಬಾಗಿಲು ತೆಗೆಯುವ ಮೊದಲು ಟ್ಯಾಂಕಿನ ನೀರನ್ನು ಒಂದು ಲೋಟ ಹಿಡಿದು ಮನೆಯವರೇ ಕುಡಿಯಬೇಕು. ಕುದಿಸದೆ, ಸೋಸದೆ. ನಾವು ಬಾಯಿಗೆ ಹಾಕದ್ದನ್ನು ಇನ್ನೊಬ್ಬರ ಬಾಯಿಗೆ ಹಾಕಬಾರದು ಅನ್ನುತ್ತಿದ್ದಳು ಅಮ್ಮ. ಅರ್ಧ ನಾನು, ಅರ್ಧ ತಂಗಿ. ದಿನಾ ಅದೇ ಜಗಳ.

"ನೋಡು, ಮತ್ತೆ ದೊಡ್ಡರ್ಧ ನೀನೇ ಕುಡಿದೆ," ಅಂದಳು ಇವತ್ತೂ.

"ದೊಡ್ಡೋಳಲ್ವಾ," ಅಂದೆ.

ಮಾರ್ಚ್ 9

ನಗರಸಭೆಯಲ್ಲಿ 'ಅಹವಾಲು ಕೇಳುವ' ಸಭೆ. ನಮಗೆ ಹಿಂದಿನ ಕುರ್ಚಿಗಳು, ಅವರಿಗೆ ಫ್ಯಾನು. ದಪ್ಪ ಕನ್ನಡಕದ ಸಾಹೇಬ ಗೋಡೆಯ ಮೇಲೆ ಚಿತ್ರ ಬಿಟ್ಟು ಕೋಲಿನಿಂದ ತೋರಿಸಿದ.

"ಈ ಸೇವೆ ಬಳಸೋರು ನೀವು. ಅದರ ಖರ್ಚನ್ನ ತೆರಿಗೆ ಕಟ್ಟೋ ಸಾಮಾನ್ಯ ಜನ ಯಾಕೆ ಹೊರಬೇಕು?"

ನಾನು ಎದ್ದು ನಿಂತೆ. ಸಂಘದ ಕಾರ್ಯದರ್ಶಿ ಅಂತ ಈ ಸಾಲಿನವರು ನನ್ನನ್ನು ಆರಿಸಿದ್ದು ಕುರ್ಚಿ ಬಿಸಿ ಮಾಡಲಿಕ್ಕಲ್ಲ.

"ಸಾಹೇಬ್ರೇ, ಬಳಸೋರು ನಾವಲ್ಲ, ಉಣ್ಣೋರು. ನಿನ್ನೆ ನಿಮ್ಮ ಆಫೀಸಿಗೇ ನಮ್ಮಲ್ಲಿಂದ ಊಟ ಹೋಗಿದೆ. ಅದು ಕೆಟ್ಟಿಲ್ಲ ಅಂತ ನೋಡ್ಕೊಳ್ಳೋದು ಯಾರ ಹೊಟ್ಟೆಗೆ? ಬೆಂಕಿ ಆರಿಸೋಕೆ ಬಂದೋರು ಮೊದಲು ರಸೀದಿ ಹರೀತಾರಾ?"

ಹಿಂದಿನ ಸಾಲು ನಕ್ಕಿತು. ಸಾಹೇಬ ಕನ್ನಡಕ ಒರೆಸಿಕೊಂಡು ಮುಂದಿನ ಚಿತ್ರಕ್ಕೆ ಹೋದ. ಬಡವನ ಕೈತೊಳೆಯುವ ನೀರಿನ ಮೇಲೂ ಲಾಭ ನಷ್ಟದ ಗೆರೆ ಎಳೆಯುವ ಈ ಜನಕ್ಕೆ ಆರೋಗ್ಯ ಅನ್ನುವುದು ಒಂದು ಅಂಗಡಿ. ಅದರ ಮುಂದೆ ನಾವು ಕೈಯೊಡ್ಡಿ ನಿಲ್ಲಬೇಕು.

ಥರ್ಮಾಮೀಟರಮ್ಮ ಗೋಡೆಗೆ ಒರಗಿ ನಿಂತಿದ್ದಳು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದಳು.

"ನಂದು ಗುತ್ತಿಗೆ ಕೆಲಸ. ಈ ಶುಲ್ಕದಿಂದಲೇ ನನ್ನ ಸಂಬಳ ಅಂತ ಮಾಡಿದಾರೆ. ನಾನು ಏನೂ ಹೇಳೋ ಹಾಗಿಲ್ಲ. ಆದ್ರೆ ಏನಾದ್ರೂ ಕೆಟ್ರೆ ಫೋನ್ ಮಾಡೋದು ಮಾತ್ರ ಬಿಡಬೇಡಿ. ನನ್ನ ಮೇಲೆ ಎಷ್ಟು ಸಿಟ್ಟಿದ್ರೂ."

"ನಿನ್ನ ಮೇಲೆ ಯಾಕೆ ಸಿಟ್ಟು ಮಾರಾಯ್ತಿ," ಅಂದೆ. ಮನಸ್ಸಿನಿಂದಲೇ ಅಂದೆ.

ಮಾರ್ಚ್ 10

ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ನಮ್ಮ ಕ್ಯಾಂಟೀನಿನಲ್ಲೇ ಸಂಘದ ಸಭೆ. ಮೂರು ಮಾತು ಮುಂದಿಟ್ಟೆ. ಯಾರೂ ಕಟ್ಟಬಾರದು. ಯಾರೂ ಕರೆಯಬಾರದು. ಯಾರೂ ಒಳಗೆ ಬಿಡಬಾರದು. ಕರೆಯದಿದ್ದರೆ ಮೀಟರು ಓಡುವುದಿಲ್ಲ, ಓಡದಿದ್ದರೆ ಅವರ ಲೆಕ್ಕ ಮಕಾಡೆ ಮಲಗುತ್ತದೆ.

"ಮಾತು ಮುರಿದೋರಿಗೆ?" ಅಂದ ಬೇಕರಿಯಣ್ಣ.

"ಅವರು ಈ ಸಾಲಿನಲ್ಲಿ ಇರೋದು ಬೇಡ." ಸಾಲಿನ ಗುತ್ತಿಗೆ ಇರುವುದು ಸಂಘದ ಹೆಸರಲ್ಲಿ. ಎಲ್ಲರಿಗೂ ಅರ್ಥವಾಯಿತು.

ಕಟ್ಟೆಯ ಮೇಲೆ ಕೈಯ ಮೇಲೆ ಕೈ ಇಟ್ಟರು. ಪಕ್ಕದ ಅಂಗಡಿಯ ಜ್ಯೂಸಕ್ಕನ ಕೈ ಕಡೆಯದು, ಹಣ್ಣಿನ ರಸ ಅಂಟಂಟು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಇಡೀ ಸಾಲಿಗೆ ಅಕ್ಕ. ತಂಗಿ ಒಲೆಯ ಹತ್ತಿರ ನಿಂತು ನಗುತ್ತಿದ್ದಳು. ಆಮೇಲೆ ಕೇಳಿದರೆ, "ಅಮ್ಮ ಇದ್ದಿದ್ರೆ ನಿನ್ನ ಮೈಕು ಕಿತ್ಕೊಂಡು ಸೌಟು ಕೊಡ್ತಿದ್ಲು," ಅಂದಳು.

ಮಾರ್ಚ್ 21

ಮುಂದಿನ ಬೀದಿಯ ಸಾಲೂ ನಮ್ಮ ಜೊತೆ ಸೇರಿದೆ. ಬಸ್ ಡಿಪೋದ ಚಾಲಕರ ಸಂಘ ಬೆಂಬಲ ಪತ್ರ ಕೊಟ್ಟಿದೆ. ಇಪ್ಪತ್ತು ವರ್ಷದ ಹಿಂದಿನ ರಕ್ತ ಮೈಯಲ್ಲಿ ಓಡಿದ ಹಾಗಿದೆ.

ಏಪ್ರಿಲ್ 2

ಯಾವುದೋ ಕಂಪನಿಯ ಕೇಬಲ್ಲಿಗೆ ಹಿಂದಿನ ಗಲ್ಲಿಯನ್ನು ಅಗೆದು ಹಾಕಿದರು. ನಮ್ಮ ನೆಲದ ಟ್ಯಾಂಕಿನ ಪಕ್ಕದಲ್ಲೇ ಹೋಗುವ ಕೊಳಚೆ ಪೈಪಿಗೆ ಯಂತ್ರದ ಹಲ್ಲು ತಾಗಿತು. ಕೂಗಾಡಿದ್ದಕ್ಕೆ ಗೋಣಿತಾಟು ಸುತ್ತಿ ಮೇಲೆ ಮಣ್ಣು ಎಳೆದು ಹೋದರು.

ಏಪ್ರಿಲ್ 4

"ಅಕ್ಕಾ, ನೀರು ಯಾಕೋ ಒಂಥರಾ ಇದೆ."

ನನ್ನ ಅರ್ಧ ಕುಡಿದು ನೋಡಿದೆ. ಕಬ್ಬಿಣದ ಹಾಗೆ, ಸ್ವಲ್ಪ ಮಣ್ಣಿನ ಹಾಗೆ. ಅಗೆದ ಮಣ್ಣು ಅಂದೆ. ಅವಳು ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ನಿಂತಳು.

"ಥರ್ಮಾಮೀಟರಮ್ಮಂಗೆ ಒಂದು ಮಾತು ಹೇಳೋಣ್ವಾ?"

"ಹೇಳಿದ್ರೆ ಕಾರ್ಯದರ್ಶಿ ಮನೆಯಿಂದಲೇ ಮೊದಲ ಫೋನು ಹೋಯ್ತು ಅಂತಾರೆ."

ಅವಳು ಲೋಟ ತೊಳೆದು ಬೋರಲು ಹಾಕಿದಳು. ಸಾಲಿಗೆಲ್ಲ ಹೇಳಿ ಕಳಿಸಿದೆ, ಎಲ್ಲರೂ ನೀರು ಕುದಿಸಿ ಬಳಸಿ ಅಂತ. ನಮ್ಮ ಜನಕ್ಕೆ ನಮ್ಮ ಜವಾಬ್ದಾರಿ ಗೊತ್ತಿದೆ. ಯಾವ ಸಾಹೇಬನ ಕೋಲೂ ಬೇಕಿಲ್ಲ.

ಏಪ್ರಿಲ್ 6

ಬೆಳಿಗ್ಗೆಯೇ ಫಲಕ ಬರೆಯುವ ಕೆಲಸ. ಲೋಟ ತಂಗಿಯೇ ಪೂರ್ತಿ ಕುಡಿದಳು. ಹಿಂದಿನ ಕೋಣೆಯಿಂದ ಕೂಗಿ ಕೇಳಿದೆ, "ಹೇಗಿದೆ?"

"ನಿನ್ನೆ ಥರಾನೇ."

ಏಪ್ರಿಲ್ 8

ಥರ್ಮಾಮೀಟರಮ್ಮ ಬಂದಿದ್ದಳು. ಕೈಯಲ್ಲಿ ಕಚೇರಿಯ ಚೀಲವಿಲ್ಲ, ಬರೀ ಎರಡು ಸಣ್ಣ ಸೀಸೆ.

"ಗಲ್ಲಿ ಅಗೆದಿದಾರೆ ಅಂತ ಗೊತ್ತಾಯ್ತು. ನಂಗೆ ಇವತ್ತು ರಜೆ. ಲೆಕ್ಕಕ್ಕೆ ಹಾಕಲ್ಲ, ಯಾರಿಗೂ ಹೇಳಲ್ಲ. ಎರಡು ಸೀಸೆ ನೀರು ತಗೊಂಡು ಹೋಗ್ತೀನಿ, ಅಷ್ಟೇ."

ನಾನು ಬಾಗಿಲಿಗೆ ಅಡ್ಡ ನಿಂತೆ. ಸಾಲಿನವರೆಲ್ಲ ಅಂಗಡಿ ಹೊರಗೆ ಬಂದು ನೋಡುತ್ತಿದ್ದರು. ಒಬ್ಬಳಿಗೆ ಇವತ್ತು ಪುಕ್ಕಟೆ ಬಿಟ್ಟರೆ ನಾಳೆ ಇನ್ನೊಬ್ಬ ಮೀಟರು ಹಿಡಿದು ಬರುತ್ತಾನೆ.

"ರಜೆ ಇದ್ರೆ ಮನೆಗೆ ಹೋಗಿ ಮಲಗು," ಅಂದೆ.

"ನೀರಿಗೆ ನಿಮ್ಮ ಹೋರಾಟ ಗೊತ್ತಾಗಲ್ಲ ಕಾರ್ಯದರ್ಶಿಯವರೇ."

ನಗರಸಭೆಯ ಸಂಬಳ ತಿನ್ನುವವರು ನೀರಿನ ಪರವಾಗಿ ಮಾತಾಡುತ್ತಾರೆ. ಸಾಲಿನವರು ಚಪ್ಪಾಳೆ ತಟ್ಟಿ ಅವಳನ್ನು ಮೂಲೆಯವರೆಗೂ ಕಳಿಸಿಕೊಟ್ಟರು. ಹೋಗುವಾಗ ಒಂದು ಖಾಲಿ ಸೀಸೆ ಕಟ್ಟೆಯ ಮೇಲೆ ಬಿಟ್ಟು ಹೋದಳು. ತಂಗಿ ತೊಳೆದು ಉಪ್ಪು ತುಂಬಿಟ್ಟಿದ್ದಾಳೆ.

ಏಪ್ರಿಲ್ 11

ಇವತ್ತು ಸಾಲು ಒಡೆಯುವುದರಲ್ಲಿತ್ತು. ಉಳಿಸಿದೆ.

ಜ್ಯೂಸಕ್ಕ ಸಭೆ ಕರೆಯಲು ಹೇಳಿದ್ದಳು. ಹದಿನೈದಕ್ಕೆ ನಗರಸಭೆಗೆ ದೊಡ್ಡ ಮೆರವಣಿಗೆ ಇಟ್ಟುಕೊಂಡು ಇವಳ ರಾಗ.

"ಅಕ್ಕಾ, ನೀವು ಕುದಿಸ್ತೀರಿ. ನಾನು ಐಸು ಕುದಿಸ್ಲಾ? ನನ್ನ ಹತ್ರ ಕುಡಿದ ಡ್ರೈವರುಗಳು ಮೂರು ಜನ ಹೊಟ್ಟೆ ಕೆಟ್ಟು ಮಲಗಿದಾರೆ. ಒಂದ್ಸಲ ಫೋನ್ ಮಾಡಿಬಿಡೋಣ. ಆ ದುಡ್ಡು ನಾನೇ ಹಾಕ್ತೀನಿ, ಸಾಲಕ್ಕಾದ್ರೂ ಬಿದ್ದು."

"ಬಿಸಿಲಿಗೆ ಕೆಟ್ಟಿರತ್ತೆ."

"ಬಿಸಿಲು ಹೋದ ವರ್ಷವೂ ಇತ್ತು."

ಒಬ್ಬಿಬ್ಬರು ಹೌದು ಹೌದು ಅನ್ನತೊಡಗಿದರು. ಬೇಕರಿಯಣ್ಣನೂ ನೆಲ ನೋಡುತ್ತಿದ್ದ. ಎಷ್ಟು ಹೋರಾಟಗಳು ಹೀಗೆ, ಇದೇ ಗಳಿಗೆಯಲ್ಲಿ, ಇಂಥದೇ ಮೆತ್ತನೆಯ ಮಾತಿಗೆ ಸತ್ತದ್ದನ್ನು ನಾನು ನೋಡಿದ್ದೇನೆ.

"ಇವತ್ತು ನೀನು ದುಡ್ಡು ಹಾಕ್ತೀಯ. ನಾಳೆ ಎಲ್ಲರೂ ಹಾಕ್ತಾರೆ. ಅಲ್ಲಿಗೆ ಈ ಸಂಘ ನಿನ್ನ ಐಸಿನ ಥರ ಕರಗಿ ಮೋರಿ ಸೇರತ್ತೆ." ಆಮೇಲೆ ಒಲೆಯ ಕಡೆ ತಿರುಗಿ ತಂಗಿಯನ್ನು ಕರೆದೆ. "ಬಾರೇ ಇಲ್ಲಿ. ಟ್ಯಾಂಕಿನಿಂದ ಒಂದು ಲೋಟ ಹಿಡ್ಕೊಂಡು ಬಾ."

ತಂದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

"ಇವಳು ದಿನಾ ಬೆಳಿಗ್ಗೆ ಇದನ್ನೇ ಕುಡೀತಾಳೆ. ಕುದಿಸದೇ ಇರೋದನ್ನ. ಇವಳಿಗೆ ಏನಾಗಿದೆ, ನೋಡಿ. ಕುಡಿಯೇ."

ಅರ್ಧ ಕುಡಿದಳು. ಉಳಿದ ಅರ್ಧವನ್ನು ಅಭ್ಯಾಸಬಲದಿಂದ ನನ್ನ ಕಡೆ ಚಾಚಿದಳು.

"ಪೂರ್ತಿ ಕುಡಿ. ಎಲ್ಲರೂ ನೋಡ್ಲಿ."

ಕುಡಿದಳು. ಚಪ್ಪಾಳೆ ಬಿತ್ತು. ಜ್ಯೂಸಕ್ಕ ಮುಖ ಸಣ್ಣದು ಮಾಡಿಕೊಂಡು ಕೂತಳು. ಒಂದು ಲೋಟ ನೀರು ನೂರು ಭಾಷಣದ ಕೆಲಸ ಮಾಡಿತು.

ಏಪ್ರಿಲ್ 12

ಸಾಲು ಗಟ್ಟಿಯಾಗಿದೆ.

ಏಪ್ರಿಲ್ 15

ಮೆರವಣಿಗೆ. ಇಷ್ಟು ಜನ ಸೇರುತ್ತಾರೆಂದು ನಾನೂ ಎಣಿಸಿರಲಿಲ್ಲ. ಒಲೆ ಆರಿಸಿ, ಬಾಗಿಲು ಎಳೆದು, ನಾಲ್ಕು ಬೀದಿಗಳ ಅಂಗಡಿಗಳು ರಸ್ತೆಗೆ ಬಂದವು. ನಗರಸಭೆಯ ಗೇಟಿನ ಎದುರು ಖಾಲಿ ಪಾತ್ರೆ ಬಡಿದ ಸದ್ದಿಗೆ ಮೇಲಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಕನ್ನಡಕದ ಸಾಹೇಬ ಕಡೆಗೂ ಇಳಿದು ಬಂದು ಮನವಿ ಇಸಿದುಕೊಂಡ. ಗಂಟಲು ಕಿತ್ತು ಬರುವ ಹಾಗೆ ಕೂಗಿದೆ. 'ಹೊಟ್ಟೆಯ ಮೇಲೆ ಮೀಟರು ಬೇಡ.' ಊರಿಗೆ ಊರೇ ಅದನ್ನು ತಿರುಗಿ ಕೂಗಿತು.

ತಂಗಿ ಬರಲಿಲ್ಲ. ಬೆಳಗಿನ ಜಾವದಿಂದ ವಾಂತಿ, ಭೇದಿ. ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಮಲಗಿಸಿ ಚೊಂಬಿನಲ್ಲಿ ನೀರು ತುಂಬಿ, ಆ ಸೀಸೆಯ ಉಪ್ಪು, ಸಕ್ಕರೆ ಕದಡಿ ತಲೆಯ ಹತ್ತಿರ ಇಟ್ಟು ಹೋಗಿದ್ದೆ. "ನೀನು ಹೋಗು, ನಾನೇನು ಸಣ್ಣ ಮಗುವಾ," ಅಂದಿದ್ದಳು. ಸಂಜೆ ಬಂದಾಗ ಚೊಂಬು ಖಾಲಿ. ಕಣ್ಣು ಗುಳಿ ಬಿದ್ದಿತ್ತು. ಕೈ ಮುಟ್ಟಿದರೆ ಚರ್ಮ ಎಳೆದಲ್ಲೇ ನಿಲ್ಲುತ್ತಿತ್ತು. ಬೇಕರಿಯಣ್ಣನ ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿದ್ದೇವೆ.

ಏಪ್ರಿಲ್ 16

ಡಾಕ್ಟರು ಹುಡುಗಿಯ ಹಾಗಿದ್ದಾಳೆ, ಪ್ರಶ್ನೆ ಮಾತ್ರ ಪೊಲೀಸರ ಹಾಗೆ.

"ಇಂಥದೇ ಕೇಸು ಇನ್ನೂ ಐದು ಬಂದಿದಾವೆ. ಎಲ್ಲಾ ಡಿಪೋ ಕಡೆಯವು. ಇವರು ಕುಡಿಯೋ ನೀರು ಎಲ್ಲಿಂದು?"

"ಮನೇದು."

"ಕ್ಯಾಂಟೀನಿಂದಲ್ವಾ?"

"ಕ್ಯಾಂಟೀನಲ್ಲಿ ಕುದಿಸ್ತೀವಿ."

ಬರೆದುಕೊಂಡಳು. ನಿನ್ನೆಯಷ್ಟೇ ನಗರಸಭೆ ಅಲುಗಿದೆ. ಈಗ ಸಾಲಿನ ಹೆಸರು ಆಸ್ಪತ್ರೆಯ ಕಾಗದಕ್ಕೆ ಬಿದ್ದರೆ ನಾಳೆಯ ಪತ್ರಿಕೆಯಲ್ಲಿ ಅವರು ನಮ್ಮ ಬಾಯಿಗೆ ನಮ್ಮದೇ ಕೊಳಕು ತುರುಕುತ್ತಾರೆ. ನಲವತ್ತು ಮನೆಗಳ ಅನ್ನದ ಪ್ರಶ್ನೆ ಇದು.

ತಂಗಿ ಕಣ್ಣು ಬಿಟ್ಟು ಕೇಳುತ್ತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಒದ್ದೆ ಹತ್ತಿಯಿಂದ ಒರೆಸಿದೆ.

ಏಪ್ರಿಲ್ 18

ಬೆಳಿಗ್ಗೆ ಹೋದಳು. ಮೂತ್ರಪಿಂಡ ನಿಂತಿತ್ತಂತೆ.

ಅವಳಿಗೆ ನಲವತ್ತಾರು.

ಏಪ್ರಿಲ್ 19

ಮಣ್ಣು ಮಾಡಿ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ, ಬೇಕರಿಯಣ್ಣ ಓಡಿ ಬಂದ. ಜ್ಯೂಸಕ್ಕ ಫೋನ್ ಮಾಡಿದ್ದಾಳೆ. ನಿನ್ನೆ, ಸುದ್ದಿ ತಿಳಿದ ಕೂಡಲೇ. ಯಾರನ್ನೂ ಕೇಳದೆ.

ಹೋಗಿ ನೋಡಿದರೆ ಟ್ಯಾಂಕಿಗೆ ಕೆಂಪು ಪಟ್ಟಿ ಸುತ್ತಿದೆ. ಥರ್ಮಾಮೀಟರಮ್ಮ ಮಂಡಿಯೂರಿ ಗೋಣಿತಾಟು ಬಿಚ್ಚುತ್ತಿದ್ದಾಳೆ. ವಾಸನೆ ಬೀದಿಯ ತುದಿಗೆ ಬರುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತಳು, ಕೈ ಒರೆಸಿಕೊಂಡಳು.

"ಆಸ್ಪತ್ರೆಯಿಂದ ಮೂರು ದಿನದ ಹಿಂದೆ ನಮಗೆ ವರದಿ ಬಂದಿತ್ತು. ನೀರು ಮನೇದು ಅಂತ ಇತ್ತು. ನಾನು ನಿಮ್ಮ ಮನೆ ಬೀದಿಯ ನಲ್ಲಿಗಳನ್ನೆಲ್ಲ ಪರೀಕ್ಷೆ ಮಾಡ್ತಾ ಕೂತಿದ್ದೆ." ಗೋಣಿತಾಟನ್ನು ಕಾಲಿನಿಂದ ಬದಿಗೆ ಸರಿಸಿ ಕೇಳಿದಳು. "ಹಾಗಂತ ಹೇಳಿದೋರು ಯಾರು?"

"ನನಗೆ ನೆನಪಿಲ್ಲ," ಅಂದೆ.

ಆ ಮೂರು ದಿನದಲ್ಲಿ ಇನ್ನೂ ಹನ್ನೊಂದು ಜನ ಮಲಗಿದ್ದಾರಂತೆ. ಹಾಗಂತ ಅವಳು ಹೇಳಿದಳು. ಸರ್ಕಾರದ ಅಂಕಿ.

ಏಪ್ರಿಲ್ 25

ಸಂತಾಪ ಸಭೆ. ತಂಗಿಯ ಚಿತ್ರವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿದ್ದೆವು. ಕೆಳಗೆ ನಾನೇ ಬರೆದ ಸಾಲು: 'ಶುಲ್ಕಕ್ಕೆ ಬಲಿಯಾದ ಸಂಗಾತಿ.' ಮೀಟರು ಇಲ್ಲದಿದ್ದರೆ ಮೊದಲ ದಿನವೇ ಫೋನು ಹೋಗುತ್ತಿತ್ತು, ಮೊದಲ ದಿನವೇ ಟ್ಯಾಂಕು ಮುಚ್ಚುತ್ತಿತ್ತು. ಕೊಂದದ್ದು ಕೊಳಚೆಯಲ್ಲ, ನೋಟೀಸು. ಇದನ್ನು ಹೇಳುವಾಗ ನನ್ನ ದನಿ ಒಡೆಯಲಿಲ್ಲ. ಪತ್ರಿಕೆಯವರು ಎರಡು ಸಲ ಹೇಳಿಸಿಕೊಂಡರು.

ಚಿತ್ರದಲ್ಲಿ ಅವಳು ನಗುತ್ತಿದ್ದಾಳೆ. ಯಾವಾಗ ತೆಗೆದದ್ದೋ, ಕೈಯಲ್ಲಿ ಸೌಟು ಇದೆ.

ಸಭೆಯ ಕೊನೆಗೆ ಜ್ಯೂಸಕ್ಕನ ವಿಷಯ ಬಂತು. ಮಾತು ಅಂದರೆ ಮಾತು. ಅವಳು ಎದ್ದು ವಾದ ಮಾಡಲಿಲ್ಲ. "ನಾನು ಒಂದು ವಾರ ಮೊದಲೇ ಮುರೀಬೇಕಿತ್ತು, ಅದೊಂದು ತಪ್ಪಾಯ್ತು," ಅಂದು ಹೋದಳು. ಕೊಬ್ಬು. ಅಂಗಡಿ ಖಾಲಿ ಮಾಡಿಸುವ ಪತ್ರಕ್ಕೆ ಸಹಿ ಹಾಕಿದೆ.

ಮೇ 6

ಗೆದ್ದೆವು.

ಶುಲ್ಕ ಏರಿಕೆ ಎರಡು ವರ್ಷ ತಡೆ. ಮೀಟರು ರದ್ದು. ಸಾಹೇಬನೇ ಓದಿ ಹೇಳಿದ. ಪೈಪು ರಿಪೇರಿಯಾಗಿ, ಟ್ಯಾಂಕು ತೊಳೆದು, ಕೆಂಪು ಪಟ್ಟಿಯನ್ನು ಹೋದ ವಾರವೇ ಬಿಚ್ಚಿದ್ದಾರೆ. ಖರ್ಚು ತೂಗಿಸಲಿಕ್ಕೆ ಆರೋಗ್ಯ ಶಾಖೆಯ ಗುತ್ತಿಗೆ ಹುದ್ದೆಗಳನ್ನು ತೆಗೆದಿದ್ದಾರೆ. ಅದು ಅವರ ಮನೆ ಜಗಳ. ಇನ್ನು ಮೇಲೆ ಪರೀಕ್ಷೆ, ಭೇಟಿ ಯಾವುದೂ ಇಲ್ಲ. ಪ್ರತಿ ಸಾಲಿನ ಕಾರ್ಯದರ್ಶಿ ತಿಂಗಳಿಗೊಮ್ಮೆ 'ನೀರು ಶುದ್ಧವಾಗಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟರೆ ಮುಗಿಯಿತು. ನಮ್ಮ ಮೇಲೆ ಅಷ್ಟು ನಂಬಿಕೆ ಬಂದಿದೆ ಅವರಿಗೆ. ಹೆದರಿಕೆ ಅನ್ನಬೇಕು.

ಪಟಾಕಿ ಬೇಡ ಅಂದೆ. ಬೇಕರಿಯಣ್ಣ ಎಲ್ಲರಿಗೂ ಬನ್ನು ಹಂಚಿದ.

ಮೇ 9

ಬಸ್ ನಿಲ್ದಾಣದಲ್ಲಿ ಥರ್ಮಾಮೀಟರಮ್ಮ ಕಂಡಳು. ಪಕ್ಕದಲ್ಲಿ ಟ್ರಂಕು, ಚಾಪೆ. ನಾನು ತಲೆಯಾಡಿಸಿದೆ. ಅವಳು ನೋಡಲಿಲ್ಲವೋ ಏನೋ.

ಮೇ 20

ಒಬ್ಬಳೇ ಕ್ಯಾಂಟೀನು ತೂಗಿಸಲು ಆಗುತ್ತಿಲ್ಲ. ಇಷ್ಟು ದಿನ ಬೆಳಿಗ್ಗೆ ಬಂದು ಲೋಟ ಹಿಡಿಯದೆ ನೇರ ಬಾಗಿಲು ತೆಗೆಯುತ್ತಿದ್ದೆ. ಯಾರೂ ಕೇಳುವವರಿಲ್ಲ.

ಇವತ್ತು ಬಂದಾಗ ಮೆಟ್ಟಿಲ ಮೇಲೆ ಜ್ಯೂಸಕ್ಕ ಕೂತಿದ್ದಳು. ಇಳಿದು ಹೋಗಿದ್ದಾಳೆ.

"ಬೇರೆ ಸಾಲಿನಲ್ಲಿ ಯಾರೂ ಸೇರಿಸ್ಕೊಳ್ತಿಲ್ಲ ಅಕ್ಕಾ. ಹೆಸರು ಕೇಳಿದ ಕೂಡಲೇ ಬಾಗಿಲು ಹಾಕ್ತಾರೆ. ಪಾತ್ರೆ ತೊಳೀತೀನಿ, ತರಕಾರಿ ಹೆಚ್ತೀನಿ. ಕೊಟ್ಟಷ್ಟು ಕೊಡಿ."

ನಾನು ಹಗೆ ಇಟ್ಟುಕೊಳ್ಳುವವಳಲ್ಲ. ಹೋರಾಟ ಕಲಿಸಿದ್ದು ಅದನ್ನೇ. ಒಳಗೆ ಕರೆದೆ. ಮೊಳೆಗೆ ತೂಗು ಹಾಕಿದ್ದ ತಂಗಿಯ ಏಪ್ರನ್ನು ತೋರಿಸಿದೆ. ಕಟ್ಟಿಕೊಂಡಳು. ಹಿಂದಿನ ಗಲ್ಲಿಯಲ್ಲಿ ಯಂತ್ರದ ಸದ್ದು. ಇನ್ನೊಂದು ಕಂಪನಿಯವರು ಮತ್ತೆ ಅಗೆಯುತ್ತಿದ್ದಾರೆ, ಮೊನ್ನೆಯಿಂದ.

ಸಹಿ ಹಾಕಬೇಕಾದ ಪತ್ರ ಕಟ್ಟೆಯ ಮೇಲಿತ್ತು. ಇವತ್ತು ಕಡೆಯ ದಿನ. ಅಮ್ಮನ ಪದ್ಧತಿ ಬಿಡಬಾರದು ಅನ್ನಿಸಿತು.

"ಬಾಗಿಲು ತೆಗೆಯೋಕೆ ಮುಂಚೆ ಒಂದು ಕೆಲಸ ಇದೆ," ಅಂದು ಲೋಟ ಕೊಟ್ಟೆ.

ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ವರ್ಷಗಟ್ಟಲೆ ಪಕ್ಕದ ಅಂಗಡಿಯಿಂದ ನೋಡಿದವಳು. ಟ್ಯಾಂಕಿನ ನಲ್ಲಿ ತಿರುಗಿಸಿ ಹಿಡಿದಳು. ಮೂಗಿನ ಹತ್ತಿರ ತಂದಳು. ಆಮೇಲೆ ನನ್ನನ್ನು ನೋಡಿದಳು.

"ಅರ್ಧ ನಿಮಗಾ, ಅಕ್ಕಾ?"

"ನಾನು ಸಹಿ ಹಾಕೋಳು. ಪೂರ್ತಿ ಕುಡಿ."

ಕುಡಿದಳು. ಲೋಟ ತೊಳೆದು ಬೋರಲು ಹಾಕಿದಳು. ನಾನು ಪತ್ರಕ್ಕೆ ಸಹಿ ಹಾಕಿ ಬಾಗಿಲು ತೆಗೆದೆ. ಡಿಪೋದ ಡ್ರೈವರುಗಳು ಆಗಲೇ ಬಂದು ನಿಂತಿದ್ದರು.